ಪಿಯರ್ ಮರದ ಕೋವಿ

ನಮ್ಮ ಡ್ರೂಹುಕ್ ಊರಿನಲ್ಲಿ ಮೇ ತಿಂಗಳು ಬಂತೆಂದರೆ ಗಂಡಸರ ಕಿವಿಗೆ ಹೆಂಡತಿಯರ ಮಾತು ಬೀಳುವುದು ನಿಂತುಹೋಗುತ್ತದೆ. ಭೂಮಿಯ ದಕ್ಷಿಣ ತುದಿಯ ಈ ಕರೂ ಬಯಲಿನ ಮೇಲೆ ಮೇ ತಿಂಗಳ ಚಳಿಗಾಳಿ ಎದ್ದು, ಜಿಂಕೆ ಬೇಟೆಗೆ ಇನ್ನು ಐದೇ ವಾರ ಎಂದಾದ ಮೇಲೆ ಅವರಿಗೆ ಕೇಳಿಸುವುದು ಒಂದೇ ವಿಷಯ: ಕೋವಿ. ಆ ವಿಷಯದ ಮೇಲಿನ ಮಹಾಸಭೆ ಪ್ರತಿ ಶುಕ್ರವಾರ ಸಂಜೆ ನನ್ನ ಅಂಗಡಿಯ ಹಿಂದಿನ ಅಂಗಳದಲ್ಲಿ, ಕೆಂಡದ ಸುತ್ತ ಸೇರುತ್ತದೆ. ನಾನು ಕುರಿಗೆ ಔಷಧಿ, ಬೇಲಿಗೆ ತಂತಿ, ಕೋವಿಗೆ ತೋಟಾ ಮಾರುವವನು. ಯಾರ ಕೋವಿ ಶ್ರೇಷ್ಠ ಎಂಬ ಬಗ್ಗೆ ನನಗೆ ಯಾವ ಅಭಿಪ್ರಾಯವೂ ಇಲ್ಲ. ಇದ್ದಿದ್ದರೆ ಮೂವರು ಗಿರಾಕಿಗಳಲ್ಲಿ ಇಬ್ಬರನ್ನು ಎಂದೋ ಕಳೆದುಕೊಂಡಿರುತ್ತಿದ್ದೆ.

ಸಭೆಯ ಅಧ್ಯಕ್ಷರು ಊಮ್ ಫ್ಲೋರಿಸ್. ಹಿರಿಯ ಗಂಡಸರನ್ನೆಲ್ಲ ನಾವು ಊಮ್ ಎನ್ನುತ್ತೇವೆ, ಹಿರಿಯ ಹೆಂಗಸರನ್ನು ತಾನ್ನಿ. ಬೇಟೆ ನಡೆಯುವುದು ಅವರ ಜಮೀನಿನಲ್ಲೇ ಆದ್ದರಿಂದ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ಇಲ್ಲ. ಅವರದು ಮೌಸರ್ ಕೋವಿ. ಕಟುಕ ಬಾರೆಂಡನದು ವಿಂಚೆಸ್ಟರ್. ದನದ ಡಾಕ್ಟರ್ ಲೂಡಿಕರದು ಫಿನ್‌ಲ್ಯಾಂಡಿನ ಸಾಕೋ. ಮೂವರೂ ತಂತಮ್ಮ ಕೋವಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಹಾಲು ಕುಡಿಸಲು ಕೂತ ತಾಯಂದಿರ ಹಾಗೆ ಕಾಣುತ್ತಿದ್ದರು. ಕಬ್ಬಿಣದ ಬಗ್ಗೆ ಮಾತು ಐದು ನಿಮಿಷಕ್ಕೆ ಮುಗಿಯುತ್ತಿತ್ತು. ಉಳಿದ ಮೂರು ಗಂಟೆ ಮರದ ಬಗ್ಗೆ. ಭುಜಕ್ಕೆ ಆನಿಸಿ ಹಿಡಿಯುವ ಆ ಮರದ ಹಿಡಿಗೆ ನಮ್ಮಲ್ಲಿ ಇರುವ ಗೌರವ ಚರ್ಚಿನ ವೇದಿಕೆಗೂ ಇಲ್ಲ.

"ಇದನ್ನ ನೋಡು," ಎಂದರು ಊಮ್ ಫ್ಲೋರಿಸ್, ಹಿಡಿಯನ್ನು ಬೆಂಕಿಯ ಬೆಳಕಿಗೆ ತಿರುಗಿಸಿ. "ಟರ್ಕಿ ದೇಶದ ಆಕ್ರೋಟು ಮರ. ಈ ಗೆರೆ ನೋಡು, ಹೊಗೆ ಸುತ್ಕೊಂಡು ಹೋದ ಹಾಗೆ. ನನ್ನ ಮದುವೆ ದಿನ ನನ್ನ ಹೆಂಡ್ತಿ ಇಷ್ಟು ಚೆನ್ನಾಗಿ ಕಾಣ್ತಿರಲಿಲ್ಲ."

"ಅದನ್ನ ತಾನ್ನಿ ಮುಂದೆ ಹೇಳಿ ನೋಡೋಣ," ಎಂದ ಬಾರೆಂಡ್.

"ಹೇಳಿದೀನಿ ಕಣಯ್ಯ. ಹಾಗಾದ್ರೆ ಇವತ್ತು ಅದರ ಜೊತೇಲೇ ಮಲಗಿ ಅಂದ್ಲು."

"ಗೆರೆ ನೋಡ್ಕೊಂಡು ಕೂತ್ರೆ ಜಿಂಕೆ ನಿಲ್ಲುತ್ತಾ ಊಮ್? ನನ್ನ ವಿಂಚೆಸ್ಟರ್ ಮರ ನೋಡಿ. ಸಾದಾ ಮರ, ಸಾದಾ ಎಣ್ಣೆ. ಮೂವತ್ತು ವರ್ಷದಿಂದ ನನ್ನ ಕೆನ್ನೆ ಉಜ್ಜಿ ಉಜ್ಜಿ ಹೊಳಪು ಬಂದಿದೆ."

"ನಿನ್ನ ಕೆನ್ನೇಲಿ ಇರೋ ಕೊಬ್ಬು ಇಳಿದಿದೆ ಅನ್ನು," ಎಂದರು ಡಾಕ್ಟರ್. "ಮರ ಅಂದ್ರೆ ತೂಕ ಮುಖ್ಯ. ನನ್ನ ಸಾಕೋ ನೋಡಿ, ಮೊಲದ ಮರಿ ಎತ್ಕೊಂಡ ಹಾಗಿದೆ."

ನಾಲ್ಕನೆಯವನು ಟೀಲ್ಮನ್. ಮುನಿಸಿಪಾಲಿಟಿಯಲ್ಲಿ ನೀರಿನ ಮೀಟರ್ ಓದುವ ಕೆಲಸ. ಒಳ್ಳೆಯ ಮನುಷ್ಯ. ಎಷ್ಟು ಒಳ್ಳೆಯವನೆಂದರೆ ಹನ್ನೆರಡು ವರ್ಷ ಬೇಟೆಗೆ ಬಂದರೂ ಒಂದೇ ಒಂದು ಜಿಂಕೆಗೂ ನೋವು ಮಾಡಿದವನಲ್ಲ. ಅವನ ಕೋವಿ ತೀರಿಹೋದ ಮಾವನದು, ಹೆಂಡತಿಯ ಅಪ್ಪನದು. ಆ ಮಾವ, ಊಮ್ ಸಾರೆಲ್, ನಮ್ಮ ಕಡೆ ದಂತಕಥೆ. ಇನ್ನೂರೈವತ್ತು ಹೆಜ್ಜೆ ದೂರದಿಂದ ಓಡುವ ಜಿಂಕೆಯನ್ನು ಬೀಳಿಸುತ್ತಿದ್ದವರು. ಅಂಥವರ ಕೋವಿ ತನ್ನ ಕೈಗೆ ಬಂದಾಗಿನಿಂದ ಟೀಲ್ಮನ್ ಅದನ್ನು ಹೆಂಡತಿಗಿಂತ ಜೋಪಾನವಾಗಿ ನೋಡಿಕೊಂಡಿದ್ದ.

ಹೋದ ಸೋಮವಾರದವರೆಗೆ.

ಸೋಮವಾರ ಅವನು ಗುರಿ ಸರಿನೋಡಲು ಬಯಲಿಗೆ ಹೋಗಿದ್ದ. ವಾಪಸು ಹೊರಡುವಾಗ ಕೋವಿಯನ್ನು ಪಿಕಪ್ ಗಾಡಿಯ ಹಿಂದಿನ ಚಕ್ರಕ್ಕೆ ಒರಗಿಸಿ ಚೀಲ ಎತ್ತಿಡುತ್ತಿದ್ದ. ಅಷ್ಟರಲ್ಲಿ ಫೋನು ಬಂತು. ಯಾರೋ ಹೆಂಗಸು, ತನ್ನ ಮೀಟರ್ ಹಿಂದಕ್ಕೆ ಓಡುತ್ತಿದೆ ಎಂದಳು. ಹಿಂದಕ್ಕೆ ಓಡುವ ಮೀಟರಿನ ಬಗ್ಗೆ ಯೋಚಿಸುತ್ತ ಟೀಲ್ಮನ್ ಗಾಡಿಯನ್ನು ಹಿಂದಕ್ಕೆ ಓಡಿಸಿದ. ಚಟ್ ಎಂದು ಸದ್ದಾಯಿತು. ಇಳಿದು ನೋಡಿದರೆ ನಳಿಗೆ ಮರಳಿನಲ್ಲಿ ಹೂತು ಕ್ಷೇಮವಾಗಿತ್ತು. ಮರದ ಹಿಡಿ ಮಾತ್ರ ನಡುವೆ ಎರಡಾಗಿ, ಮೇಲೆ ಟೈರಿನ ಅಚ್ಚು ಹೂವಿನ ಕೆತ್ತನೆಯ ಹಾಗೆ ಮೂಡಿತ್ತು. ಅವನು ಅದನ್ನು ಕಂಬಳಿಯಲ್ಲಿ ಸುತ್ತಿ, ಮನೆಯ ಉಕ್ಕಿನ ಪೆಟ್ಟಿಗೆಯಲ್ಲಿ ಇಟ್ಟು, ಬೀಗ ಹಾಕಿ, ಕೀಲಿಯನ್ನು ಕಾಲುಚೀಲದೊಳಗೆ ಇಟ್ಟುಕೊಂಡ. ಹೆಂಡತಿ ಸ್ಟೀನಿಗೆ ಹೇಳಲಿಲ್ಲ. ಅಪ್ಪನ ನೆನಪಿಗೆಂದು ಅವಳ ಹತ್ತಿರ ಇದ್ದದ್ದು ಅದೂ ಒಂದು ಹಳೆಯ ಕೋಟೂ ಅಷ್ಟೇ.

ಇದೆಲ್ಲ ನಮಗೆ ಆಮೇಲೆ ಗೊತ್ತಾದದ್ದು. ಆ ಶುಕ್ರವಾರ ನಮಗೆ ಕಂಡದ್ದು ಟೀಲ್ಮನ್ನನ ಖಾಲಿ ತೊಡೆ.

"ಏನೋ ಟೀಲ್ಮನ್, ಕೋವಿ ಎಲ್ಲಿ?" ಎಂದರು ಊಮ್ ಫ್ಲೋರಿಸ್.

"ಅದಾ... ಹಿಡಿ ಬದಲಾಯಿಸ್ತಾ ಇದೀನಿ ಊಮ್."

ಮೂರು ಕುರ್ಚಿಗಳು ಏಕಕಾಲಕ್ಕೆ ಮುಂದೆ ಸರಿದವು. ಹನ್ನೆರಡು ವರ್ಷದಲ್ಲಿ ಟೀಲ್ಮನ್ ಹೇಳಿದ ಮೊದಲ ಕುತೂಹಲಕರ ಮಾತು ಅದು.

"ಯಾವ ಮರ?"

ಟೀಲ್ಮನ್ನನಿಗೆ ಮರಗಳ ಹೆಸರು ಅಷ್ಟಾಗಿ ಗೊತ್ತಿಲ್ಲ. ಆವತ್ತು ಬೆಳಿಗ್ಗೆ ಅವನು ಚರ್ಚಿನ ಮೀಟರ್ ಓದಿದ್ದ. ಆ ಮೀಟರ್ ಪಿಯರ್ ಹಣ್ಣಿನ ಮರದ ಬುಡದಲ್ಲಿದೆ.

"ಪಿಯರ್," ಎಂದ.

"ಪಿಯರ್?"

"ಹಳೇ ಪಿಯರ್. ತುಂಬಾ ಹಳೇದು. ನೂರು ವರ್ಷದ್ದು."

ನಮ್ಮ ಊರಿನಲ್ಲಿ ನೂರು ವರ್ಷದ ಪಿಯರ್ ಮರ ಇರುವುದು ಒಂದೇ. ಅದು ಚರ್ಚಿನ ಅಂಗಳದಲ್ಲಿದೆ. ತಾನ್ನಿ ಅಲೆಟ್ಟಾ ಅವರ ಅಜ್ಜಿ ಮದುವಣಗಿತ್ತಿಯಾಗಿ ಬಂದಾಗ ನೆಟ್ಟದ್ದು. ಜನವರಿಯ ಬಿರುಗಾಳಿಗೆ ಅದರ ದೊಡ್ಡ ಕೊಂಬೆಯೊಂದು ಮುರಿದು ಬಿದ್ದಿತ್ತು. ಎರಡು ತಿಂಗಳು ಚರ್ಚಿನ ಹಿಂದೆ ಬಿದ್ದಿದ್ದ ಆ ಕೊಂಬೆ ಈಸ್ಟರ್ ಆದ ಮೇಲೆ ಮಾಯವಾಗಿತ್ತು. ಕದ್ದವನು ಯಾರೆಂದು ಊರು ಇನ್ನೂ ಹುಡುಕುತ್ತಿತ್ತು.

ಇದು ಟೀಲ್ಮನ್ ಒಬ್ಬನಿಗೆ ಗೊತ್ತಿರಲಿಲ್ಲ. ಅವನು ಊರಿನ ಮಾತು ಕೇಳುವವನಲ್ಲ, ಮೀಟರ್ ನೋಡುವವನು.

"ಜನವರೀಲಿ ಬಿದ್ದ ಮರ," ಎಂದರು ಊಮ್ ಫ್ಲೋರಿಸ್, ಬೆರಳು ಮಡಿಸಿ ಎಣಿಸುತ್ತ. "ಈಗ ಮೇ. ನಾಲ್ಕೇ ತಿಂಗಳು! ನಾಲ್ಕು ವರ್ಷ ಒಣಗಬೇಕಲ್ಲೋ ಪಾಪಿ! ಹಸಿ ಮರದ ಹಿಡಿ ಹಾಕಿದ್ರೆ ಬೇಸಿಗೆಗೆ ಬಾಳೆಹಣ್ಣಿನ ಥರ ಬಗ್ಗುತ್ತೆ!"

ಕಳ್ಳತನದ ಬಗ್ಗೆ ಅವರು ಚಕಾರ ಎತ್ತಲಿಲ್ಲ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಬಾರೆಂಡ್ ಮಾಂಸ ಕತ್ತರಿಸುತ್ತ ಇಬ್ಬರಿಗೆ ಹೇಳಿದ. ಒಂಬತ್ತಕ್ಕೆ 'ಡ್ರೂಹುಕ್ ನಾಗರಿಕ ಸುರಕ್ಷತಾ ಬಳಗ' ಎಂಬ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಕುರಿ ಕಳ್ಳರನ್ನು ಹಿಡಿಯಲೆಂದು ಮಾಡಿದ ಗುಂಪು ಅದು. ಹತ್ತಕ್ಕೆ ಕೊಂಬೆ ಹೋಗಿ ಇಡೀ ಮರ ಆಗಿತ್ತು. ಹನ್ನೊಂದಕ್ಕೆ ಯಾರೋ ಚರ್ಚಿನ ಅಂಗಳಕ್ಕೆ ಹೋಗಿ ಮರ ಇನ್ನೂ ನಿಂತಿರುವ ಫೋಟೋ ಹಾಕಿದರು. ಅದಕ್ಕೆ ಬಂದ ಉತ್ತರ: "ಹಾಗಾದರೆ ಇದು ಹಳೇ ಫೋಟೋ."

ಸೋಮವಾರ ಟೀಲ್ಮನ್ ಮೀಟರ್ ಓದಲು ಹೊರಟರೆ ಗೇಟುಗಳು ಮುಚ್ಚಿಕೊಂಡವು. ಒಂದು ಮನೆಯ ಹೆಂಗಸು ತನ್ನ ಏಪ್ರಿಕಾಟ್ ಗಿಡದ ಮುಂದೆ ಕೈಕಟ್ಟಿ ನಿಂತು, ನಾವು 'ಸಾರ್' ಬದಲು ಹೇಳುವ 'ಮೆನೇರ್' ಸೇರಿಸಿ, "ಮೀಟರ್ ಆ ಕಡೆ ಇದೆ ಮೆನೇರ್, ಗಿಡದ ಕಡೆ ನೋಡಬೇಡಿ," ಎಂದಳು. ಸ್ಕೂಲ್ ಮೇಷ್ಟರು ಮಾತ್ರ ಅವನನ್ನು ಮೂಲೆಗೆ ಕರೆದು ಪಿಸುಗುಟ್ಟಿದರು, "ನಮ್ಮನೇಲಿ ಒಂದು ಹಳೇ ಪಿಯಾನೋ ಇದೆ. ಚೆನ್ನಾಗಿ ಒಣಗಿದ ಮರ. ಬೇಕಾ?"

ಸಂಜೆ ಮನೆಗೆ ಬಂದರೆ ಅಡುಗೆಮನೆಯಲ್ಲಿ ಸ್ಟೀನಿಯ ಎದುರು ಪೊಲೀಸ್ ಸಾರ್ಜೆಂಟ್ ನೊಸಿಫೊ ಕೂತು ಚಹಾಕ್ಕೆ ರಸ್ಕ್ ಅದ್ದುತ್ತಿದ್ದಳು.

"ಮೆನೇರ್, ಕೋವಿಗೆ ಹೊಸ ಹಿಡಿ ಹಾಕೋಕೆ ಲೈಸೆನ್ಸ್ ಬೇಡ," ಎಂದಳು. "ಆದ್ರೆ ಚರ್ಚಿನವರು ದೂರು ಕೊಟ್ಟಿದ್ದಾರೆ. ಕೋವಿ ಎಲ್ಲಿದೆ?"

"ರಿಪೇರಿಗೆ ಕೊಟ್ಟಿದೀನಿ."

"ಯಾರಿಗೆ? ಕಾಗದ ಇಲ್ದೆ ಕೋವಿ ಕೊಡೋದು ಇನ್ನೊಂದು ಕೇಸು."

"ಕೊಟ್ಟಿಲ್ಲ! ಮನೇಲೇ ಇದೆ."

"ಹಾಗಾದ್ರೆ ತೋರ್ಸಿ."

"ಪೆಟ್ಟಿಗೆ ಕೀಲಿ ಕಳೆದುಹೋಗಿದೆ."

ಹಾಗೆನ್ನುತ್ತ ಎಡಗಾಲನ್ನು ಬಲಗಾಲಿನ ಹಿಂದೆ ಬಚ್ಚಿಟ್ಟುಕೊಂಡ. ಸಾರ್ಜೆಂಟ್ ಆ ಕಾಲನ್ನು ನೋಡಿದಳು, ಅವನ ಮುಖ ನೋಡಿದಳು, ಇನ್ನೊಂದು ರಸ್ಕ್ ತೆಗೆದುಕೊಂಡಳು. "ಭಾನುವಾರದೊಳಗೆ ಹುಡುಕಿ."

ಅವಳು ಹೋದ ಮೇಲೆ ಸ್ಟೀನಿ ಕೇಳಿದಳು, "ಅಪ್ಪನ ಕೋವೀಗೆ ಹೊಸ ಹಿಡಿ ಹಾಕಿಸ್ತಿದೀಯಂತೆ. ನನ್ನ ಒಂದು ಮಾತು ಕೇಳಬಾರದಿತ್ತಾ?"

"ನಿನಗೆ... ನಿನಗೆ ಆಶ್ಚರ್ಯ ಆಗಲಿ ಅಂತ."

"ಆಯ್ತು, ಆಶ್ಚರ್ಯ ಆಗ್ತಾ ಇದೆ," ಎಂದು ಅವಳು ಪಾತ್ರೆ ತೊಳೆಯಲು ತಿರುಗಿದಳು. ಆ ರಾತ್ರಿ ಅವನಿಗೆ ಕುಂಬಳಕಾಯಿ ಪಲ್ಯ ಮಾತ್ರ ಸಿಕ್ಕಿತು. ಮಾಂಸ ಸಿಗಲಿಲ್ಲ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಸಭಾಂಗಣದಲ್ಲಿ ಪಂಚಾಯಿತಿ ಸೇರಿತು. ಹನ್ನೆರಡು ಮಂದಿ ಹಿರಿಯರು ಕಪ್ಪು ಕೋಟು ಹಾಕಿ ಕೂತರು. ಊರಿಗೆ ಊರೇ ಹಿಂದೆ ನಿಂತಿತು. ಹೊಸದಾಗಿ ಬಂದ ಪಾದ್ರಿ, ಪಾದ್ರಿಯನ್ನು ನಾವು ಕರೆಯುವಂತೆ ಡೊಮಿನೀ ವೆಸ್ಸೆಲ್, ಇನ್ನೂ ಮೂವತ್ತು ದಾಟದವರು. ಬೈಬಲಿನ ಹಾಳೆಗಳನ್ನು ಹಿಂದೆ ಮುಂದೆ ತಿರುವುತ್ತ ಕೂತಿದ್ದರು. ಮುಂದಿನ ಸಾಲಿನಲ್ಲಿ ಎಂಬತ್ತಾರರ ತಾನ್ನಿ ಅಲೆಟ್ಟಾ ಕೋಲು ಹಿಡಿದು ಕೂತಿದ್ದರು.

ಆದರೆ ಕಟಕಟೆಯಲ್ಲಿ ನಿಂತದ್ದು ಟೀಲ್ಮನ್ ಅಲ್ಲ, ಊಮ್ ಆಡೋನಿಸ್.

ಊಮ್ ಆಡೋನಿಸ್ ನಲವತ್ತು ವರ್ಷದಿಂದ ಚರ್ಚು ನೋಡಿಕೊಳ್ಳುವವರು. ಗಂಟೆ ಬಾರಿಸುತ್ತಾರೆ, ಗಿಡಕ್ಕೆ ನೀರು ಹಾಕುತ್ತಾರೆ. ಬಿಡುವಿನಲ್ಲಿ ಬಡಗಿ ಕೆಲಸ. ನಮ್ಮ ಊರಿನ ಮೇಜು, ಶವದ ಪೆಟ್ಟಿಗೆ, ಕೋವಿಯ ಹಿಡಿ ಎಲ್ಲ ಅವರ ಕೈಯಲ್ಲೇ ಆದದ್ದು. ಹಿರಿಯರ ಲೆಕ್ಕ ಸರಳವಾಗಿತ್ತು. ಕೊಂಬೆ ಇದ್ದದ್ದು ಅವರ ಕಾವಲಿನಲ್ಲಿ. ಉಳಿ ಇರುವುದು ಅವರ ಕೈಯಲ್ಲಿ.

"ಕೊಂಬೆ ಕೊಟ್ಟೆಯೋ ಇಲ್ಲವೋ?" ಎಂದರು ಹಿರಿಯರ ಮುಖ್ಯಸ್ಥರು.

"ನಾನು ಟೀಲ್ಮನ್‌ಗೆ ಏನೂ ಕೊಟ್ಟಿಲ್ಲ," ಎಂದರು ಊಮ್ ಆಡೋನಿಸ್.

"ಮತ್ತೆ ಯಾರು ತಗೊಂಡ್ರು? ನಿನಗೆ ಗೊತ್ತಿಲ್ದೆ ಹೋಗೋಕೆ ಅದೇನು ಸೂಜಿಯಾ?"

ಊಮ್ ಆಡೋನಿಸ್ ಪಾದ್ರಿಯ ಕಡೆ ಒಮ್ಮೆ ನೋಡಿದರು. ಪಾದ್ರಿ ಮತ್ತೊಂದು ಹಾಳೆ ತಿರುವಿದರು.

"ಅದನ್ನ ನಾನು ಹೇಳೋಕಾಗಲ್ಲ."

"ಹಾಗಾದ್ರೆ ಚರ್ಚಿನ ಬೀಗದ ಕೈಗೊಂಚಲು ಇಲ್ಲಿಡು."

ಊಮ್ ಆಡೋನಿಸ್ ಸೊಂಟದಿಂದ ಗೊಂಚಲು ಬಿಚ್ಚಿದರು. ನಲವತ್ತು ವರ್ಷ ಜೋತಾಡಿದ ಜಾಗದಲ್ಲಿ ಪ್ಯಾಂಟಿನ ಬಟ್ಟೆ ತೆಳುವಾಗಿತ್ತು. ಅವರು ಅದನ್ನು ಮೇಜಿನ ಮೇಲೆ ಇಡಲು ಕೈ ಚಾಚಿದಾಗ ಹಿಂದಿನ ಸಾಲಿನಿಂದ ಒಂದು ಕುರ್ಚಿ ಧಡಾರನೆ ಬಿತ್ತು. ಟೀಲ್ಮನ್ ಎದ್ದು ನಿಂತಿದ್ದ. ಅವನ ಒಂದು ಶೂ ಕಾಲಲ್ಲಿ ಇರಲಿಲ್ಲ. ಕಾಲುಚೀಲ ಬಿಚ್ಚಿ ಒಳಗೆ ಕೈ ಹಾಕುತ್ತಿದ್ದ.

"ತಡೀರಿ! ಯಾರೂ ಅಲ್ಲಾಡಬೇಡಿ!" ಎಂದು ಕೂಗಿ, ಒಂದೇ ಶೂನಲ್ಲಿ ಓಡಿದ.

ಅವನ ಮನೆ ಎದುರು ಬೀದಿ. ಐದು ನಿಮಿಷದಲ್ಲಿ ಕಂಬಳಿ ಸುತ್ತಿದ ಗಂಟು ತಬ್ಬಿಕೊಂಡು ಬಂದ. ಸಾರ್ಜೆಂಟ್ ಗುಂಡು ಇಲ್ಲವೆಂದು ನೋಡಿ ತಲೆಯಾಡಿಸಿದಳು. ಅವನು ಗಂಟನ್ನು ಹಿರಿಯರ ಮೇಜಿನ ಮೇಲೆ ಬಿಚ್ಚಿದ. ಎರಡಾದ ಹಿಡಿ, ಅದರ ಮೇಲೆ ಟೈರಿನ ಅಚ್ಚು.

"ಪಿಯರ್ ಇಲ್ಲ, ಗಿಯರ್ ಇಲ್ಲ," ಎಂದ ಟೀಲ್ಮನ್. "ನಾನೇ ನನ್ನ ಗಾಡಿ ಇದರ ಮೇಲೆ ಹತ್ತಿಸಿದೆ. ಹೇಳೋಕೆ ನಾಚಿಕೆ ಆಯ್ತು. ಬಾಯಿಗೆ ಬಂದ ಮರದ ಹೆಸರು ಹೇಳಿದೆ. ಊಮ್ ಆಡೋನಿಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಅವರ ಬೀಗದ ಕೈ ಅವರಿಗೆ ಕೊಟ್ಬಿಡಿ." ಆಮೇಲೆ ಹೆಂಡತಿಯ ಕಡೆ ತಿರುಗಿದ. ದನಿ ಇಳಿಯಿತು. "ಸ್ಟೀನಿ, ನಿಮ್ಮಪ್ಪನ ಕೋವಿ ಮುರಿದ್ಹಾಕ್ಬಿಟ್ಟೆ."

ಮೊದಲು ಮಾತಾಡಿದ್ದು ಊಮ್ ಫ್ಲೋರಿಸ್. "ದೇವರು ದೊಡ್ಡವನು! ಹಸಿ ಮರ ಹಾಕಿಲ್ಲ!"

"ಹಾಗಾದ್ರೆ ಕೊಂಬೆ ಎಲ್ಲಿ?" ಎಂದು ತಾನ್ನಿ ಅಲೆಟ್ಟಾ ಕೋಲು ಕುಟ್ಟಿದರು.

ಡೊಮಿನೀ ವೆಸ್ಸೆಲ್ ಬೈಬಲ್ ಮುಚ್ಚಿದರು. ಎದ್ದು ನಿಂತಾಗ ಅವರ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು.

"ಒಂದು ವಾರದಿಂದ ಸರಿಯಾದ ವಚನ ಹುಡುಕ್ತಾ ಇದ್ದೆ. ಸಿಗ್ತಾ ಇಲ್ಲ," ಎಂದರು. "ಈಸ್ಟರ್ ಆದ ಮೇಲೆ ಶನಿವಾರ ನೀವೆಲ್ಲ ನಮ್ಮನೆಗೆ ಊಟಕ್ಕೆ ಬಂದಿದ್ರಲ್ಲ. ಸೌದೆ ಸಾಲದೆ ಬಂತು. ನಾನು ಊರಿಗೆ ಹೊಸಬ, ಅದು ಯಾವ ಮರ ಅಂತ ಗೊತ್ತಿರಲಿಲ್ಲ."

ಹನ್ನೆರಡು ಕಪ್ಪು ಕೋಟುಗಳು ಒಂದರ ಮುಖ ಒಂದು ನೋಡಿದವು.

"ಆ ಕುರಿಮಾಂಸ?" ಎಂದರು ಮುಖ್ಯಸ್ಥರು, ಕ್ಷೀಣ ದನಿಯಲ್ಲಿ.

"ಹೌದು ಊಮ್. ನೀವು ಮೂರು ಸಲ ಹಾಕಿಸಿಕೊಂಡ್ರಿ. 'ಹೊಗೆಗೆ ಏನೋ ಸಿಹಿ ಘಮ ಇದೆ ಡೊಮಿನೀ, ಯಾವ ಸೌದೆ?' ಅಂತಾನೂ ಕೇಳಿದ್ರಿ. ಮಾರನೇ ದಿನ ಗೊತ್ತಾದ ಮೇಲೆ ಊಮ್ ಆಡೋನಿಸ್ ಹತ್ರ ಹೇಳ್ಕೊಂಡೆ. ಅವರು ಇಷ್ಟು ದಿನ ನನ್ನ ಮಾನ ಕಾಪಾಡಿದ್ರು."

ಚರ್ಚಿನ ಹಿರಿಯರೇ ಕಳವಿನ ಮಾಲನ್ನು ಬೆರಳು ಚೀಪಿ ಮುಗಿಸಿದ್ದರೆಂದು ಊರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಮೊದಲು ನಕ್ಕದ್ದು ತಾನ್ನಿ ಅಲೆಟ್ಟಾ. ಒಣ ಕೆಮ್ಮಿನಂತೆ ಶುರುವಾದ ನಗು ಭುಜ ಕುಲುಕಿಸಿ, ಕೋಲು ಕೆಳಗೆ ಬೀಳಿಸಿತು. "ನಮ್ಮಜ್ಜಿ ಆ ಮರ ನೆಟ್ಟದ್ದೇ ಬಂದವರಿಗೆ ಹಣ್ಣು ಕೊಡೋಕೆ," ಎಂದು ಕಣ್ಣೊರೆಸಿಕೊಂಡರು. "ಮಾಂಸಕ್ಕೂ ಆಯ್ತು ಅನ್ನಿ." ಮುಖ್ಯಸ್ಥರು ಬೀಗದ ಕೈಗೊಂಚಲನ್ನು ಎರಡೂ ಕೈಯಲ್ಲಿ ಎತ್ತಿ ಊಮ್ ಆಡೋನಿಸ್‌ಗೆ ಒಪ್ಪಿಸಿ, ಎಲ್ಲರೆದುರು ಟೋಪಿ ತೆಗೆದು ಕ್ಷಮೆ ಕೇಳಿದರು. ಸಾರ್ಜೆಂಟ್ ನೊಸಿಫೊ ಪುಸ್ತಕದಲ್ಲಿ ಬರೆದುಕೊಂಡಳು: "ಸಾಕ್ಷ್ಯವನ್ನು ತಿನ್ನಲಾಗಿದೆ. ಕೇಸು ಮುಕ್ತಾಯ."

ಊಮ್ ಆಡೋನಿಸ್ ಗೊಂಚಲು ಸೊಂಟಕ್ಕೆ ಸಿಕ್ಕಿಸಿ ನೇರವಾಗಿ ಮುರಿದ ಕೋವಿಯ ಬಳಿ ಬಂದರು. ಹಿಡಿಯನ್ನು ಮೂಸಿದರು, ಉಗುರಿನಿಂದ ಕೆರೆದರು.

"ಇದಕ್ಕೆ ಯಾಕಪ್ಪ ಅಷ್ಟು ಒದ್ದಾಡಿದೆ?" ಎಂದರು ಟೀಲ್ಮನ್ನನಿಗೆ. "ನಿಮ್ಮ ಮಾವನಿಗೆ ನಾನು ಮಾಡಿಕೊಟ್ಟ ಮೂರನೇ ಹಿಡಿ ಇದು. ಮೊದಲನೇದರ ಮೇಲೆ ಕುದುರೆ ಕೂತಿತ್ತು. ಎರಡನೇದರ ಮೇಲೆ ಅವರೇ ಕೂತ್ರು."

ಟೀಲ್ಮನ್ ಬಾಯಿ ತೆರೆದು ಸ್ಟೀನಿಯನ್ನು ನೋಡಿದ.

"ಮೂರನೇದು ಅಂತ ನನಗೆ ಗೊತ್ತಿತ್ತು," ಎಂದಳು ಅವಳು. "ಕೋವಿ ಮುರಿದಿದ್ದಕ್ಕಲ್ಲ ನನಗೆ ಸಿಟ್ಟು. ಎರಡು ವಾರ ಕಾಲುಚೀಲ ಒಗೆಯೋಕೆ ಕೊಡಲಿಲ್ಲವಲ್ಲ, ಅದಕ್ಕೆ."

ಹೊಸ ಹಿಡಿಗೆ ಯಾವ ಮರ ಎಂಬ ಪ್ರಶ್ನೆ ಮುಂದಿನ ಶುಕ್ರವಾರದ ಸಭೆಯನ್ನು ಒಡೆದುಹಾಕುವ ಮಟ್ಟಕ್ಕೆ ಹೋಯಿತು. ಬಾರೆಂಡ್ ತನ್ನ ಮಾಂಸ ಕಡಿಯುವ ಹಳೆಯ ದಿಮ್ಮಿ ಕೊಡುತ್ತೇನೆಂದ. ಡಾಕ್ಟರ್ ಲೂಡಿಕ್ ನಳಿಗೆಯೊಳಗೆ ಬೆಳಕು ಬಿಟ್ಟು, ಕುರಿಯ ಕಣ್ಣು ನೋಡುವಷ್ಟೇ ಗಂಭೀರವಾಗಿ ನೋಡಿ, ನಳಿಗೆ ನೇರ ಇದೆಯೆಂದು ಸಾರಿ, ಹಗುರವಾದ ಮರವನ್ನೇ ಹಾಕಬೇಕೆಂದು ಹಟ ಹಿಡಿದರು. ಊಮ್ ಫ್ಲೋರಿಸ್ ಮಾತಾಡದೆ ಎದ್ದುಹೋದರು. ಮನಸ್ತಾಪವಾಯಿತೆಂದು ನಾವು ಅಂದುಕೊಳ್ಳುವಷ್ಟರಲ್ಲಿ ಗೋಣಿಯಲ್ಲಿ ಸುತ್ತಿದ ಆಕ್ರೋಟು ಮರದ ತುಂಡೊಂದನ್ನು ಹೊತ್ತು ತಂದರು. ತಮ್ಮ ಕೊನೆಗಾಲದ ಕೋವಿಗೆಂದು ಮೂವತ್ತು ವರ್ಷ ಮಂಚದ ಕೆಳಗೆ ಒಣಗಿಸಿದ್ದು.

"ತಗೊಳ್ಳೋ. ನಮ್ಮ ಬೆಂಕಿ ಮುಂದೆ ಯಾರೂ ಕೆಟ್ಟ ಮರ ಹಿಡ್ಕೊಂಡು ಕೂರಬಾರದು," ಎಂದರು. ಟೀಲ್ಮನ್ ಕೈ ಚಾಚುವ ಮೊದಲೇ, "ಚಕ್ರದ ಹತ್ರ ಇಡ್ಬೇಡ," ಎಂದೂ ಸೇರಿಸಿದರು.

ಊಮ್ ಆಡೋನಿಸ್ ಎರಡು ವಾರ ಕೆತ್ತಿ, ಅಗಸೆ ಎಣ್ಣೆ ತಿಕ್ಕಿ, ಹಿಡಿ ಕೂರಿಸಿದರು. ಹಿಡಿಯ ತುದಿಯಲ್ಲಿ ಬೆರಳುಗುರಿನಷ್ಟು ಅಗಲದ ಬೇರೆ ಬಣ್ಣದ ಬಿಲ್ಲೆಯೊಂದಿತ್ತು. ತಾನ್ನಿ ಅಲೆಟ್ಟಾ ತಾವಾಗಿ ಮುರಿದು ಕೊಟ್ಟ ಒಣ ಪಿಯರ್ ಕಡ್ಡಿಯದು. ಅದು ಒಣಗಿ ಎಷ್ಟು ವರ್ಷವಾಗಿದೆಯೆಂದು ಊಮ್ ಫ್ಲೋರಿಸ್ ಎರಡು ಸಲ ವಿಚಾರಿಸಿಕೊಂಡರು.

ಬೇಟೆಯ ದಿನ ಬೆಳಿಗ್ಗೆ ಪಿಕಪ್‌ನಿಂದ ಟೀಲ್ಮನ್ ಇಳಿದ. ಇನ್ನೊಂದು ಬಾಗಿಲಿನಿಂದ, ಅಪ್ಪನ ಹಳೆಯ ಕೋಟು ತೊಟ್ಟು, ಕೋವಿ ಹಿಡಿದು ಸ್ಟೀನಿ ಇಳಿದಳು.

"ಇದೇನಮ್ಮ?" ಎಂದರು ಊಮ್ ಫ್ಲೋರಿಸ್.

"ಬೇಟೆ, ಊಮ್. ಲೈಸೆನ್ಸ್ ಇರೋನು ಪಕ್ಕದಲ್ಲಿ ನಿಂತಿದ್ರೆ ಸಾಕಂತೆ. ಸಾರ್ಜೆಂಟ್‌ನ ಕೇಳಿದೀನಿ. ಟೀಲ್ಮನ್ ನಿಂತ್ಕೋತಾನೆ."

ಒಂಬತ್ತರ ಹೊತ್ತಿಗೆ ದಿಬ್ಬದ ಆಚೆ ಜಿಂಕೆಗಳ ಹಿಂಡು ಕಂಡಿತು. ದೂರ ಬಹಳ ಇತ್ತು. ಬಾರೆಂಡ್ ತಲೆಯಾಡಿಸಿದ. ಡಾಕ್ಟರ್ ದುರ್ಬೀನು ಕೆಳಗಿಳಿಸಿದರು. ಸ್ಟೀನಿ ಕಲ್ಲಿನ ಮೇಲೆ ಕೋಟು ಮಡಿಸಿಟ್ಟು, ಅದರ ಮೇಲೆ ಕೋವಿ ಊರಿ, ಉಸಿರು ಅರ್ಧ ಬಿಟ್ಟು ನಿಲ್ಲಿಸಿದಳು. ಒಂದೇ ಗುಂಡು. ಹಿಂಡಿನ ಅಂಚಿನಲ್ಲಿದ್ದ ಗಂಡು ಜಿಂಕೆ ನಿಂತಲ್ಲೇ ಕುಸಿಯಿತು. ಊಮ್ ಫ್ಲೋರಿಸ್ ಹೆಜ್ಜೆ ಎಣಿಸುತ್ತ ಹೋದರು. ಇನ್ನೂರ ಅರವತ್ತೆರಡು.

ವಾಪಸು ಬಂದವರು ಟೋಪಿ ಕೈಯಲ್ಲಿ ಹಿಡಿದಿದ್ದರು. "ಸಾರೆಲ್ ಎದ್ದು ಬಂದ ಹಾಗಾಯ್ತಲ್ಲಮ್ಮ. ಇದನ್ನೆಲ್ಲ ಅವನೇ ಕಲಿಸಿದ್ನಾ?"

"ಕಲಿಸಿದ್ರು," ಎಂದಳು ಸ್ಟೀನಿ. "ಅಪ್ಪನಿಗೆ ಐವತ್ತು ದಾಟಿದ ಮೇಲೆ ಕಣ್ಣು ಮಂಜಾಯ್ತು ಊಮ್. ಮುಂದಿನ ಹದಿನೈದು ವರ್ಷ ಅವರು ತಂದ ಜಿಂಕೆ ಎಲ್ಲ ಹೊಡೆದದ್ದು ನಾನು. ಗುಂಡು ಹಾರಿದ ಮೇಲೆ ಅವರು ಕೋವಿ ಇಸ್ಕೊಂಡು, ಹೊಡೆದದ್ದು ತಾವೇ ಅನ್ನೋ ಹಾಗೆ ಜೋರಾಗಿ ಕೆಮ್ಮೋರು. ಯಾರಿಗೂ ಹೇಳಬೇಡ ಅಂದಿದ್ರು."

ಮೂವರು ಬೇಟೆಗಾರರು ಬಹಳ ಹೊತ್ತು ಜಿಂಕೆಯನ್ನೇ ನೋಡಿದರು. ತಮ್ಮ ಜೀವಮಾನದ ಅರ್ಧ ಕಥೆಗಳನ್ನು ತಿದ್ದಿ ಹೇಳಬೇಕಾದ ಪ್ರಸಂಗ ಅದು. ಅದಕ್ಕೆ ಸಮಯ ಬೇಕು.

"ಹನ್ನೆರಡು ವರ್ಷ ನಾನು ಗುರಿ ತಪ್ಪಿಸ್ತಾ ಇದ್ದೆ," ಎಂದ ಟೀಲ್ಮನ್, "ನೀನೇ ಬರ್ತೀನಿ ಅನ್ನಬಾರದಿತ್ತಾ?"

"ಕೋವಿ ಹಿಡ್ಕೊಂಡು ನೀನು ಅಷ್ಟು ಸಂತೋಷವಾಗಿ ಹೊರಡ್ತಿದ್ದೆ. ಹೇಗೆ ಕೇಳಲಿ?"

"ಸಂತೋಷ ಆಗ್ತಿದ್ದದ್ದು ಕೋವಿಗಲ್ಲ ಸ್ಟೀನಿ. ಆ ಬೆಂಕಿ, ಆ ಮಾತು. ಗುಂಡು ಹಾರಿದಾಗ ನನಗೆ ಪ್ರತಿ ಸಲವೂ ಕಣ್ಣು ಮುಚ್ಚಿಹೋಗುತ್ತೆ."

"ಅದು ನಮಗೆಲ್ಲ ಗೊತ್ತು," ಎಂದ ಬಾರೆಂಡ್.

ಆ ಸಂಜೆ ಬೆಂಕಿಯ ಮುಂದೆ ಟೀಲ್ಮನ್ನನ ಹಳೆಯ ಕುರ್ಚಿಯಲ್ಲಿ ಸ್ಟೀನಿ ಕೂತಳು. ಆಕ್ರೋಟು ಮರದ ಗೆರೆಯ ಬಗ್ಗೆ ಊಮ್ ಫ್ಲೋರಿಸ್ ತೆಗೆದ ಮಾತಿಗೆ ಅವಳು ಎದುರಾಡಿದಳು. ಅವರು ಎದ್ದು ನಿಂತು ವಾದಿಸಿದರು. ಅವಳೂ ಎದ್ದು ನಿಂತಳು. ಡಾಕ್ಟರ್ ಇಬ್ಬರ ನಡುವೆ ತೂಕದ ವಿಷಯ ತರಲು ಹೋಗಿ ಇಬ್ಬರಿಂದಲೂ ಬೈಸಿಕೊಂಡರು. ಟೀಲ್ಮನ್ ಜಿಂಕೆಯ ಈಲಿಯನ್ನು ಕೊಬ್ಬಿನಲ್ಲಿ ಸುತ್ತಿ ಕೆಂಡದ ಮೇಲೆ ತಿರುಗಿಸುತ್ತಿದ್ದ. ಅವನ ಕೈ ಅಷ್ಟು ಸ್ಥಿರವಾಗಿ ಇದ್ದದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಪಕ್ಕದ ಊರಿನಿಂದ ಅತಿಥಿಯಾಗಿ ಬಂದಿದ್ದ ಒಬ್ಬ ಯಜಮಾನ, ದೊಡ್ಡ ಮೀಸೆಯವನು, ಅವನ ಪಕ್ಕ ಬಂದು ನಿಂತ. "ಏನಪ್ಪ, ನಿನ್ನದು ಯಾವ ಕೋವಿ?" ಎಂದು ಕೇಳಿದ.

ಟೀಲ್ಮನ್ನನ ಬಾಯಿಂದ ಈಗ ಯಾವ ಮರ ಹೊರಬೀಳುವುದೋ ಎಂದು ಕಾದೆ.

"ನನ್ನ ಹತ್ರ ಕೋವಿ ಇಲ್ಲ," ಎಂದ ಟೀಲ್ಮನ್, ಮೀಸೆಯವನ ಕೈಗೊಂದು ಲೋಟ ಕೊಟ್ಟು ಕೆಟಲಿನಿಂದ ಬಿಸಿ ಕಾಫಿ ಬಗ್ಗಿಸುತ್ತ. "ನಾನು ಅಡುಗೆಯವನು. ಸಕ್ಕರೆ ಎಷ್ಟು?"